ಎಲ್ಲಾ ಲಿಂಗರಾಜುನ್ನೇ ಕೇಳಿ

ಸುಷ್ಮಿತಾಳ ಹತ್ತಿರ ಯಾರಾದರೂ ಬ್ಲೌಸ್ ಹೊಲಿಸಲು ಬಂದರೆ ಮೊದಲು ಮನೆ ಬಿಟ್ಟು ಹೊರಡುತ್ತಿದ್ದವರು ಅವಳ ಅಪ್ಪ ಮಹದೇವಸ್ವಾಮಿ. ಕೆಸರೆಯ ಆ ಮನೆಯಲ್ಲಿ ಇದ್ದದ್ದು ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ರೂಮಿನ ತುಂಬ ಮಂಚ, ಬೀರು, ಅಕ್ಕಿ ಮೂಟೆ. ಹೊಲಿಗೆ ಮಿಷಿನ್ನು ಹಾಲಿನ ಕಿಟಕಿ ಪಕ್ಕ. ಅಳತೆ ಕೊಡಬೇಕಾದರೂ, ಹೊಲಿದದ್ದನ್ನು ಹಾಕಿ ನೋಡಬೇಕಾದರೂ ಅದೇ ಹಾಲಿನಲ್ಲಿ, ಬಾಗಿಲು ಹಾಕಿಕೊಂಡೇ ಆಗಬೇಕು. ಹಾಗಾಗಿ ಗೇಟು ಕಿರ್ ಎಂದರೆ ಸಾಕು, ಅಪ್ಪ ಪೇಪರ್ ಮಡಚಿ, ಚಪ್ಪಲಿ ಮೆಟ್ಟಿ, ಮೂಲೆಯ ಟೀ ಅಂಗಡಿಗೆ ನಡೆದುಬಿಡುತ್ತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತಿಯಾದ ಮೇಲೆ ಕಾಲು ಚಾಚಿ ಮನೆಯಲ್ಲಿರಬಹುದು ಎಂದುಕೊಂಡಿದ್ದ ಮನುಷ್ಯ, ಈಗ ಡಿಪೋದಲ್ಲಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಬೀದಿಯಲ್ಲಿ ನಿಲ್ಲುತ್ತಿದ್ದರು. ಮದುವೆ ಕಾಲ ಬಂತೆಂದರೆ ಟೀ ಕುಡಿದು ಕುಡಿದು ಅವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಅದಕ್ಕೇ ಊರಿನ ಇನ್ನೊಂದು ತುದಿಯ ದಟ್ಟಗಳ್ಳಿಯಲ್ಲಿ ಮಾರಾಟಕ್ಕಿದ್ದ ಮನೆ ನೋಡಿದ ದಿನ ಅಪ್ಪ ಮಗಳು ಇಬ್ಬರಿಗೂ ತಲೆ ತಿರುಗಿತು. ಮನೆ ದೊಡ್ಡದೇನಲ್ಲ. ಆದರೆ ಅದಕ್ಕೆ ರಸ್ತೆ ಕಡೆಗೆ ಒಂದು ಮುಂಗೋಣೆ ಇತ್ತು, ರೋಲಿಂಗ್ ಶಟರ್ ಹಾಕಿದ್ದು. ಮನೆಯ ಒಡತಿ ಶಾರದಮ್ಮ ಶಟರ್ ಎತ್ತಿದಾಗ ಬಿಸಿಲು ನೆಲದ ಮೇಲೆ ಚಾಪೆಯಂತೆ ಉರುಳಿಕೊಂಡು ಬಂತು. ಸುಷ್ಮಿತಾ ನಡುವೆ ನಿಂತು, ಇಲ್ಲಿ ಮಿಷಿನ್ನು, ಇಲ್ಲಿ ಕತ್ತರಿಸುವ ಮೇಜು, ಅಲ್ಲಿ ಪರದೆ ಕಟ್ಟಿ ಹಾಕಿ ನೋಡುವ ಜಾಗ ಎಂದು ಮನಸ್ಸಿನಲ್ಲೇ ಅಂಗಡಿ ತೆರೆದು, ಮೊದಲ ಗಿರಾಕಿಯನ್ನೂ ಕಳಿಸಿಬಿಟ್ಟಳು. ಅಪ್ಪ ಹಿಂದಿನ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಒಂದು ಗಳಿಗೆ ಒಳಗೇ ನಿಂತಿದ್ದರು. ಹೊರಗೆ ಬಂದಾಗ ಮುಖ ಅರಳಿತ್ತು. ಇಲ್ಲಿಗೆ ಯಾವ ಬ್ಲೌಸೂ ಬರೋದಿಲ್ಲ ಎಂದು ಮಗಳ ಕಿವಿಯಲ್ಲಿ ಹೇಳಿದರು.

ಆ ಮನೆ ತೋರಿಸಿದವನು ಬ್ರೋಕರ್ ಲಿಂಗರಾಜು. ಎರಡು ಫೋನು, ಒಂದು ಸ್ಕೂಟರು, ಕಿಸೆಯಲ್ಲಿ ಸದಾ ಒಂದು ಕಪ್ಪು ಕನ್ನಡಕ. ಕೆಸರೆಯ ಮನೆ ಮಾರಿಸುವವನೂ ಅವನೇ, ದಟ್ಟಗಳ್ಳಿಯದು ಕೊಡಿಸುವವನೂ ಅವನೇ. ನಾನು ನಿಮ್ಮ ಮನೆಮಗ ಇದ್ದಂಗೆ ಎಂದು ಬಂದ ದಿನವೇ ಹೇಳಿ, ಮನೆಮಗನಂತೆಯೇ ಎರಡು ಸಲ ಕಾಫಿ ಕೇಳಿ ಕುಡಿದಿದ್ದ. ವರಮಹಾಲಕ್ಷ್ಮಿ ಹಬ್ಬ ಮುಗಿದ ಭಾನುವಾರದವರೆಗೆ ಶಾರದಮ್ಮ ಕಾಯುತ್ತಾರೆ, ಆಮೇಲೆ ಕಾಯೋದಿಲ್ಲ, ಇನ್ನೊಂದು ಪಾರ್ಟಿ ತುದಿಗಾಲಲ್ಲಿ ನಿಂತಿದೆ ಎಂದೂ ಹೇಳಿದ್ದ. ಅಷ್ಟರೊಳಗೆ ಕೆಸರೆಯ ಮನೆಗೆ ಸರಿಯಾದ ಬೆಲೆ ಕೊಡುವವರು ಸಿಕ್ಕರೆ ಮುಂಗೋಣೆ ಸುಷ್ಮಿತಾಳದು. ಇಲ್ಲವಾದರೆ ಬೇರೆಯವರದು.

ಆಷಾಢ ಪೂರ್ತಿ ಮನೆ ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಆಷಾಢದಲ್ಲಿ ಯಾರು ಮನೆ ವಿಷಯ ಎತ್ತುತ್ತಾರೆ? ಲಿಂಗರಾಜು ಮಾತ್ರ ಶುಕ್ರವಾರ ಶುಕ್ರವಾರ ಚಾಮುಂಡಿ ಬೆಟ್ಟದ ಕ್ಯೂನಲ್ಲಿ ನಿಂತು, ಹಿಂದೆ ಮುಂದೆ ನಿಂತವರಿಗೆಲ್ಲ ಮನೆಗಳ ವರ್ಣನೆ ಮಾಡಿ, ದೇವಿಯ ಮುಂದೆ ಬರುವ ಹೊತ್ತಿಗೆ ನಾಲ್ಕಾರು ಫೋನ್ ನಂಬರ್ ಸಂಪಾದಿಸಿಕೊಳ್ಳುತ್ತಿದ್ದ. ಬಿಡುವಾದಾಗ ಕೆಸರೆಗೆ ಬಂದು ಸುಷ್ಮಿತಾಳ ಅಮ್ಮ ಸಿದ್ದಲಿಂಗಮ್ಮನಿಗೆ ಪಾಠ ಹೇಳಿಕೊಡುತ್ತಿದ್ದ. ಮಾರುವವರು ಕೊಳ್ಳುವವರ ಹತ್ತಿರ ಬಾಯಿ ಬಿಡಲೇಬಾರದು. ಬಿಟ್ಟರೆ ವ್ಯಾಪಾರ ಕೆಟ್ಟಿತು. ಅವರು ಏನೇ ಕೇಳಲಿ, ಒಂದೇ ಉತ್ತರ.

"ಏನಂತ ಹೇಳ್ಬೇಕು, ಹೇಳಿ ನೋಡಾಣ," ಎನ್ನುತ್ತಿದ್ದ.

"ಎಲ್ಲಾ ಲಿಂಗರಾಜುನ್ನೇ ಕೇಳಿ," ಎನ್ನುತ್ತಿದ್ದಳು ಸಿದ್ದಲಿಂಗಮ್ಮ.

ಅಮ್ಮನಿಗೆ ಈ ಮಾತು ಎಷ್ಟು ಅಭ್ಯಾಸವಾಯಿತೆಂದರೆ, ಸೊಪ್ಪಿನವನು ಎಷ್ಟು ಕಟ್ಟು ಬೇಕು ಅಂದರೂ ಒಂದು ದಿನ ಅದನ್ನೇ ಹೇಳಿದಳು.

ಶ್ರಾವಣ ಹುಟ್ಟಿತು. ಲಿಂಗರಾಜು ಎಲ್ಲ ಬಿಟ್ಟು ವರಮಹಾಲಕ್ಷ್ಮಿ ಹಬ್ಬದ ದಿನವೇ ಎರಡು ಪಾರ್ಟಿ ಕರೆದುಕೊಂಡು ಬರುತ್ತೇನೆಂದ. ಹಬ್ಬದ ದಿನ ಮನೆ ಬೆಳಗಿರುತ್ತೆ, ನೋಡಿದವರ ಮನಸ್ಸು ಕರಗುತ್ತೆ ಎಂಬುದು ಅವನ ಲೆಕ್ಕ. ಅಮ್ಮನಿಗೆ ಅದು ಹಿಡಿಸಲಿಲ್ಲ, ಆದರೆ ಭಾನುವಾರ ಹತ್ತಿರ ಬಂದಿತ್ತು. ಶುಕ್ರವಾರ ಬೆಳಗ್ಗೆ ಕಳಶಕ್ಕೆ ಸೀರೆ ಉಡಿಸಿ, ಮುಖವಾಡ ಇಟ್ಟು, ಮೂಗುತಿ ಸರಿಮಾಡಿ, ತಾನೂ ರೇಷ್ಮೆ ಸೀರೆ ಉಟ್ಟು ನಿಂತಳು. ಸುಷ್ಮಿತಾ ಎಂದಿನಂತೆ ಕಿಟಕಿ ಪಕ್ಕದಲ್ಲಿ, ಮಿಷಿನ್ನಿನ ಹಿಂದೆ. ಅಲ್ಲಿ ಕೂತರೆ ಬಂದವರೆಲ್ಲ ಅವಳಿಗೆ ಕಾಣುತ್ತಾರೆ, ಅವಳು ಮಾತ್ರ ಅಷ್ಟಾಗಿ ಯಾರಿಗೂ ಕಾಣುವುದಿಲ್ಲ.

ಮೊದಲು ಬಂದವರು ಅನನ್ಯ ಎನ್ನುವ ಹೊಸ ಮದುಮಗಳು ಮತ್ತು ಅವಳ ಗಂಡ. ಗಂಡ ಗೋಡೆಗೋಡೆಯನ್ನೂ ಬೆರಳಲ್ಲಿ ತಟ್ಟಿ ಕಿವಿಗೊಟ್ಟ. ಅನನ್ಯ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿದಳು. ಲಿಂಗರಾಜುನ್ನೇ ಕೇಳಿ ಎಂದಳು ಅಮ್ಮ. ಅಕ್ಕಪಕ್ಕದವರು ಹೇಗೆ ಎಂದು ಕೇಳಿದಳು. ಅದನ್ನೂ ಲಿಂಗರಾಜುನ್ನೇ ಕೇಳಬೇಕಾಯಿತು. ಬಚ್ಚಲು ಎಲ್ಲಿ ಎಂದು ಕೇಳಿದಾಗಲೂ ಅಮ್ಮ ಬಾಯಿ ತೆರೆದದ್ದು ನೋಡಿ, ಸುಷ್ಮಿತಾ ಓಡಿಹೋಗಿ ತೋರಿಸಿ ಬಂದಳು. ಹೊರಡುವಾಗ ಅಮ್ಮ ಅನನ್ಯಳನ್ನು ಕೂರಿಸಿ ಕುಂಕುಮ ಇಟ್ಟು, ಎಲೆ ಅಡಿಕೆ, ಬಳೆ, ಬ್ಲೌಸ್ ಪೀಸು, ತೆಂಗಿನಕಾಯಿ ಕೊಟ್ಟಳು. ಇದನ್ನು ಮಾತ್ರ ಲಿಂಗರಾಜುವನ್ನು ಕೇಳಲಿಲ್ಲ.

ಎರಡನೆಯ ಪಾರ್ಟಿ ಪುಟ್ಟಲಿಂಗಮ್ಮ. ಅಮ್ಮನಿಗಿಂತ ಸ್ವಲ್ಪ ದೊಡ್ಡ ವಯಸ್ಸು, ದುಂಡು ಮೈ, ಹೆಗಲಲ್ಲಿ ಚೀಲ. ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡಿ ನಿವೃತ್ತರಾದವರು, ಗಂಡ ಹೆಂಡತಿ ಇಬ್ಬರೇ, ಬಾಡಿಗೆ ಮನೆಯಲ್ಲಿದ್ದಾರೆ ಎಂದು ಲಿಂಗರಾಜು ಪರಿಚಯ ಹೇಳಿದ. ಆದರೆ ಕಿಟಕಿಯಿಂದ ಸುಷ್ಮಿತಾ ಬೇರೆಯದನ್ನು ನೋಡಿದ್ದಳು. ಚಪ್ಪಲಿ ಬಿಡುವಾಗ ಆಯಮ್ಮ ಪಕ್ಕಕ್ಕೆ ತಿರುಗಿಯೂ ನೋಡದೆ ಲಿಂಗರಾಜುವಿನ ಹೆಗಲ ಮೇಲೆ ಕೈ ಊರಿದ್ದಳು. ಅವನು ಹೇಳಿಸಿಕೊಳ್ಳದೆಯೇ ಅವಳ ಚೀಲ ಇಸಕೊಂಡು, ಕಾಲಲ್ಲಿ ಅವಳ ಚಪ್ಪಲಿ ಜೋಡಿಸಿಟ್ಟಿದ್ದ. ಅನನ್ಯ ಮೇಡಮ್ಮಿನ ಚಪ್ಪಲಿಯನ್ನು ಅವನು ಮುಟ್ಟಿರಲಿಲ್ಲ.

ಒಳಗೆ ಬಂದವಳೇ ಪುಟ್ಟಲಿಂಗಮ್ಮ ಮೂಗು ಮುರಿದಳು. ಗೋಡೆ ತೇವ ಹಿಡಿದದೆ ಎಂದಳು. ಆಮೇಲೆ ಗೋಡೆ ಯಾವ ಕಡೆ ಇದೆ ಎಂದು ತಿರುಗಿ ನೋಡಿದಳು. ಅಡುಗೆಮನೆ ಕತ್ತಲೆ ಎಂದಳು, ಅಡುಗೆಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಬೀದಿ ಕಿರಿದು, ವಾಸ್ತು ಸರಿಯಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿ, ಕೊನೆಗೆ ಒಂದು ಬೆಲೆ ಹೇಳಿದಳು. ಆ ಬೆಲೆ ಕೇಳಿ ಅಪ್ಪ, ಯಾವ ಬ್ಲೌಸೂ ಬರದಿದ್ದರೂ, ಎದ್ದು ಟೀ ಅಂಗಡಿಗೆ ಹೋದರು.

ಇಷ್ಟಾದ ಮೇಲೆ ಆಯಮ್ಮ ಸರಸರ ಗೇಟಿನ ಕಡೆ ಹೊರಟಳು. ಆದರೆ ಹಬ್ಬದ ದಿನ ಮನೆಗೆ ಬಂದ ಮುತ್ತೈದೆಯನ್ನು ಸಿದ್ದಲಿಂಗಮ್ಮ ಹಾಗೆ ಕಳಿಸುವವಳಲ್ಲ. ಮನೆಯನ್ನು ಬೈದರೆ ಬೈಯಲಿ, ಕುಂಕುಮ ಬೈಸಿಕೊಂಡಿಲ್ಲವಲ್ಲ. ಓಡಿಹೋಗಿ ಕೈ ಹಿಡಿದು ಎಳೆದು ತಂದು, ಕಳಶದ ಮುಂದೆ ಮಣೆ ಹಾಕಿ ಕೂರಿಸಿದಳು. ಪುಟ್ಟಲಿಂಗಮ್ಮ ಬೇಡ ಕಣಮ್ಮ, ಹೊತ್ತಾಯ್ತು ಎಂದು ಲಿಂಗರಾಜುವಿನ ಮುಖ ನೋಡಿದಳು. ಲಿಂಗರಾಜು ಫೋನು ನೋಡಿದ. ಅಮ್ಮ ಅರಿಶಿನ ಕುಂಕುಮ ಇಟ್ಟು, ಸೆರಗು ಹಿಡಿಸಿ, ತಾಂಬೂಲ, ಬ್ಲೌಸ್ ಪೀಸಿನ ಜೊತೆ ಒಳ್ಳೇ ದಪ್ಪ ಕಾಯಿ ಆರಿಸಿ ಮಡಿಲಿಗೆ ಹಾಕಿದಳು.

"ನಮ್ಮನೆ ಲಕ್ಷ್ಮೀನ ನಿಮ್ ಮಡ್ಲಿಗೆ ಹಾಕಿವ್ನಿ ಕಣಕ್ಕ," ಎಂದಳು. "ಯಾರ್ ತಗೊಂಡ್ರೂ ಮನೆ ಚೆನ್ನಾಗಿರ್ಲಿ ಅಂತ ಹರಸ್ಬುಡಿ."

ಪುಟ್ಟಲಿಂಗಮ್ಮನ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಕಳಶದ ಕಡೆ ನೋಡಿದಳು, ಕಳಶವೂ ಅವಳನ್ನೇ ನೋಡುತ್ತಿದ್ದಂತಿತ್ತು. ಎರಡು ಕೈಯಲ್ಲಿ ಕಾಯಿ ಅಪ್ಪಿಕೊಂಡು, ಮಗು ಹೊತ್ತವಳಂತೆ ಮೆಲ್ಲಗೆ ಹೆಜ್ಜೆ ಇಟ್ಟು ಹೋದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಗೇಟಿನಿಂದ ವಾಪಸ್ ಬಂದಳು.

ಸಂಜೆ ಲಿಂಗರಾಜು ಫೋನ್ ಮಾಡಿದ. ಈಗ ಮಾರ್ಕೆಟ್ಟೇ ಹೀಗಿದೆ, ನೀವೇ ಕೇಳಿದ್ರಲ್ಲ ಆಯಮ್ಮ ಹೇಳಿದ ಬೆಲೆ. ಅದಕ್ಕೆ ಹೋಲಿಸಿದರೆ ಅನನ್ಯ ಮೇಡಂ ಈಗ ಫೋನಲ್ಲಿ ಹೇಳಿರೋದು ಬಂಗಾರ, ಒಪ್ಪಿಬಿಡಿ, ನಾಳೆ ಬೆಳಗ್ಗೆ ಅಗ್ರಿಮೆಂಟ್ ತರುತ್ತೇನೆ ಎಂದ. ಅನನ್ಯ ಹೇಳಿದ ಬೆಲೆಗೆ ಮನೆ ಕೊಟ್ಟರೆ ದಟ್ಟಗಳ್ಳಿಯ ಮನೆ ಕೈಗೆಟುಕುವುದಿಲ್ಲ. ಅದಕ್ಕೂ ಅವನ ಹತ್ತಿರ ದಾರಿ ಇತ್ತು. ಅದೇ ಬಡಾವಣೆಯಲ್ಲಿ ಹಿಂದಿನ ರಸ್ತೆಯಲ್ಲಿ ಮೂರನೇ ಮಹಡಿಯಲ್ಲಿ ಒಂದು ಮನೆ ಇದೆಯಂತೆ. ಮುಂಗೋಣೆ ಇಲ್ಲ, ಹಾಲಿದೆ.

ಅಂದರೆ ಮತ್ತೆ ಹಾಲು. ಅಪ್ಪ ಇನ್ನು ಮೇಲೆ ಪ್ರತಿ ಬ್ಲೌಸಿಗೂ ಮೂರು ಮಹಡಿ ಇಳಿದು ಹತ್ತಬೇಕು. ಅವರು ಮೊಣಕಾಲು ಸವರಿಕೊಂಡು, ಆಗಲಿ, ಹಣೇಲಿ ಬರೆದಿದ್ದಷ್ಟೇ ಎಂದರು. ಸುಷ್ಮಿತಾ ಅಮ್ಮನ ಹತ್ತಿರ, ಆಯಮ್ಮ ಗೋಡೆ ನೋಡೋಕೆ ಮುಂಚೇನೇ ತೇವ ಅಂದರಲ್ಲಮ್ಮ ಎಂದಳು. ಅಡುಗೆ ಮಾಡೋ ಕೈಗೆ ತೇವ ಬೇಗ ಗೊತ್ತಾಗುತ್ತೆ ಎಂದು ಅಮ್ಮ ಏನೋ ಒಂದು ಹೇಳಿದಳು. ಅಪ್ಪನ ಮುಂದೆ ಹೇಳಬೇಕೆಂದು ಸುಷ್ಮಿತಾ ಬಾಯಿವರೆಗೂ ತಂದುಕೊಂಡಳು. ಆಮೇಲೆ ಬಿಟ್ಟು ಸೂಜಿಗೆ ದಾರ ಪೋಣಿಸಿದಳು. ಬರಿಯ ಒಂದು ಜೊತೆ ಚಪ್ಪಲಿ ನೋಡಿ ಯಾರ ಮೇಲೆ ಏನು ಹೇಳುವುದು?

ಶನಿವಾರ ಬೆಳಗ್ಗೆ ಲಿಂಗರಾಜುವಿಗಿಂತ ಮೊದಲೇ ಗೇಟಿನ ಮುಂದೆ ಆಟೋ ನಿಂತಿತು. ಗೇಟು ಕಿರ್ ಎಂದದ್ದೇ ಅಪ್ಪ ಪೇಪರ್ ಮಡಚಿದರು. ಬಂದವಳು ಪುಟ್ಟಲಿಂಗಮ್ಮ, ಎದೆಗೆ ಅವಚಿಕೊಂಡ ಅದೇ ಕಾಯಿಯ ಸಮೇತ. ಕಣ್ಣು ಊದಿಕೊಂಡಿತ್ತು. ಕೂತುಕೊಳ್ಳಿ ಅಂದರೂ ಕೂರದೆ, ಹಾಲಿನ ನಡುವೆ ನಿಂತು ಹೇಳಿಬಿಟ್ಟಳು.

"ನಾನು ಆ ಲಿಂಗರಾಜನ ಸೋದರತ್ತೆ ಕಣವ್ವ. ಮನೆ ಕೊಳ್ಳಾಕೆ ಬಂದೋಳಲ್ಲ."

ಅಪ್ಪ ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತರು.

ಮಿಕ್ಕದ್ದೆಲ್ಲ ಹೊಳೆ ಹರಿದಂತೆ ಬಂತು. ಅತ್ತೆ, ನೀನು ಹೋಗಿ ಮನೆ ಚೆನ್ನಾಗಿಲ್ಲ ಅನ್ನು, ಕಡಿಮೆ ಬೆಲೆ ಕೇಳು, ಆಗ ನಿನಗಿಂತ ಮುಂಚೆ ಬಂದ ಪಾರ್ಟಿಯ ಬೆಲೆ ಅವರಿಗೆ ಸಿಹಿ ಆಗುತ್ತೆ, ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ ಎಂದು ಅವನು ಹೇಳಿಕೊಡುತ್ತಾನಂತೆ. ತೇವ, ಕತ್ತಲೆ, ವಾಸ್ತು ಎಂದು ಸ್ಕೂಟರಿನ ಮೇಲೆ ಬರುತ್ತಾ ಬಾಯಿಪಾಠ ಮಾಡಿಸುತ್ತಾನಂತೆ. ಕೆಲಸ ಆದ ಮೇಲೆ ಮಸಾಲೆದೋಸೆ. ಹಿಂದೆಯೂ ಕೆಲವು ಮನೆಗಳಿಗೆ ಹೋಗಿ ಬೈದು ಬಂದಿದ್ದಳಂತೆ, ಅಲ್ಲೆಲ್ಲ ಹೆಚ್ಚೆಂದರೆ ನೀರು ಕೊಟ್ಟಿದ್ದರು. ಯಾರೂ ಮಣೆ ಹಾಕಿ ಮಡಿಲು ತುಂಬಿರಲಿಲ್ಲ.

"ಲಕ್ಷ್ಮಿ ಮುಂದೆ ನಿಂತ್ಕಂಡು ಸುಳ್ಳು ಹೇಳ್ಬುಟ್ಟೆ. ಅದ್ರ ಮ್ಯಾಲೆ ಕಾಯಿ ಬೇರೆ ಇಸ್ಕೊಂಡೆ," ಎಂದಳು. "ನಮ್ ಯಜಮಾನ್ರು ಕಾಯಿ ಒಡಿ ಪಾಯಸ ಮಾಡು ಅಂದ್ರು. ಒಡೆಯಾಕೆ ಕೈ ಬರ್ನಿಲ್ಲ. ತಗಳಿ, ವಾಪಸ್ ಇಸ್ಕಳಿ."

ಸಿದ್ದಲಿಂಗಮ್ಮ ಸಿಟ್ಟಿನಿಂದ ಕೆಂಪಾಗಿದ್ದವಳು, ವಾಪಸ್ ಎಂಬ ಮಾತು ಕೇಳಿ ಹೌಹಾರಿದಳು. ಮಡಿಲಿಗೆ ಹಾಕಿದ ಕಾಯಿಯನ್ನು ತಿರುಗಿ ತೆಗೆದುಕೊಳ್ಳುವುದುಂಟೆ. ಪುಟ್ಟಲಿಂಗಮ್ಮ ಮುಂದೆ ಬಂದರೆ ಅಮ್ಮ ಹಿಂದೆ ಸರಿದಳು. ಹಾಲಿನ ಸುತ್ತ ಒಂದು ಸುತ್ತು ಹೊಡೆದರು. ಅಪ್ಪ ನನಗೆ ಕೊಡಿ ಎಂದು ಕೈ ಚಾಚಿದ್ದಕ್ಕೆ, ಗಂಡಸರು ಮುಟ್ಟೋ ಹಾಗಿಲ್ಲ ಎಂದು ಇಬ್ಬರೂ ಒಟ್ಟಿಗೇ ಗದರಿದರು. ಕೊನೆಗೆ ಕಾಯಿ ಸುಷ್ಮಿತಾಳ ಹೊಲಿಗೆ ಮಿಷಿನ್ನಿನ ಮೇಲೆ ಬಂದು ಕೂತಿತು, ಅದರ ಜುಟ್ಟಿಗೆ ಟೇಪು ಸುತ್ತಿಕೊಂಡಿತು. ಅದನ್ನು ನೋಡಿ ಮೊದಲು ನಕ್ಕವಳು ಸುಷ್ಮಿತಾ. ಆಮೇಲೆ ಯಾರಿಂದಲೂ ತಡೆದುಕೊಳ್ಳಲಾಗಲಿಲ್ಲ. ಪುಟ್ಟಲಿಂಗಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಂಡು ನಕ್ಕು, ಉಸ್ ಎಂದು ಕೂತುಬಿಟ್ಟಳು.

ಕಾಫಿ ಬಂತು. ಕುಡಿಯುತ್ತಾ ಕುಡಿಯುತ್ತಾ ಆಯಮ್ಮ ಮನೆಯನ್ನು ನೋಡತೊಡಗಿದಳು, ಈ ಸಲ ನಿಜವಾಗಿ. ಎದ್ದು ಗೋಡೆ ಸವರಿದಳು. ಅಡುಗೆಮನೆಗೆ ಹೋಗಿ ಕಿಟಕಿ ತೆರೆದಳು, ಒಲೆ ಮುಂದೆ ನಿಂತು ಕೈ ಆಡಿಸಿ ನೋಡಿದಳು. ಬಾಗಿಲ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತು ಬೀದಿಯ ಆ ತುದಿ ಈ ತುದಿ ನೋಡಿದಳು. ಇಬ್ಬರಿಗೆ ಇಷ್ಟು ಸಾಕಲ್ಲವೇ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಎಷ್ಟು ವರ್ಷ ಬಾಡಿಗೆ ಮನೆ ಬದಲಾಯಿಸೋದು, ಯಜಮಾನರೂ ನಿವೃತ್ತಿ ಹಣ ಬ್ಯಾಂಕಿನಲ್ಲಿ ಇಟ್ಟುಕೊಂಡು ನಾಳೆ ನಾಡಿದ್ದು ಅಂತಿದ್ದಾರೆ. ಕಾಯಿಯನ್ನು ವಾಪಸ್ ಮಾಡೋ ಹಾಗಿಲ್ಲ, ಸುಳ್ಳನ್ನು ಇಟ್ಟುಕೊಳ್ಳೋ ಹಾಗಿಲ್ಲ.

"ನಿಜವಾಗ್ಲೂ ನೀವು ಕೇಳ್ತಾ ಇರೋದು ಎಷ್ಟವ್ವ?" ಎಂದಳು.

"ಎಲ್ಲಾ ಲಿಂಗರಾಜುನ್ನೇ ಕೇಳಿ," ಎಂದಳು ಅಮ್ಮ. ಹೇಳಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ಮತ್ತೆ ನಗು. ಆ ನಗುವಿನ ಮರೆಯಲ್ಲೇ ಸುಷ್ಮಿತಾ ಕತ್ತರಿ ಕೆಳಗಿಟ್ಟಳು. ಮಿಷಿನ್ನಿನ ಹಿಂದಿನಿಂದ ಎದ್ದು ಬಂದು ಅವಳು ಬೆಲೆ ಹೇಳಿದಳು, ಮೊದಲಿಂದ ಅಪ್ಪನ ಮನಸ್ಸಿನಲ್ಲಿದ್ದ ಬೆಲೆ. ಮಳೆಗಾಲದಲ್ಲಿ ಬಚ್ಚಲ ಮೂಲೆ ಸ್ವಲ್ಪ ಸೋರುತ್ತದೆ ಎನ್ನುವುದನ್ನೂ ಹೇಳಿದಳು. ನೀರು ಯಾವಾಗ ಬರುತ್ತದೆ, ಪಕ್ಕದ ಮನೆಯವರು ಯಾವಾಗ ಜೋರಾಗಿ ಹಾಡು ಹಾಕುತ್ತಾರೆ ಎಂದೂ ಹೇಳಿದಳು. ಅಪ್ಪ ಮಗಳನ್ನು ಯಾರೋ ನೆಂಟರ ಹುಡುಗಿಯನ್ನು ನೋಡುವಂತೆ ನೋಡಿದರು. ಪುಟ್ಟಲಿಂಗಮ್ಮ ಸೋರುವುದಕ್ಕೆ ಅಂತ ಸ್ವಲ್ಪ ಇಳಿಸಿದಳು, ಅಪ್ಪ ಒಪ್ಪಿದರು. ಅವಳು ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ, ರೀ, ಪಾಯಸ ಅಲ್ಲ, ಮನೇನೇ ಮಾಡಣ, ಪ್ಯಾಂಟ್ ಹಾಕ್ಕೊಂಡು ಕೆಸರೆಗೆ ಬನ್ನಿ ಎಂದಳು.

ಲಿಂಗರಾಜು ಅಗ್ರಿಮೆಂಟ್ ಕಾಗದ, ಒಂದು ಡಬ್ಬ ಸಿಹಿ ಹಿಡಿದು ಶಿಳ್ಳೆ ಹಾಕುತ್ತಾ ಬಂದ. ಹೊಸ್ತಿಲ ಹತ್ತಿರ ಶಿಳ್ಳೆ ನಿಂತಿತು. ಅಲ್ಲಿ ಬಿಟ್ಟಿದ್ದ ಚಪ್ಪಲಿ ಅವನಿಗೆ ಚೆನ್ನಾಗಿ ಗೊತ್ತು. ಬಗ್ಗಿ ಒಳಗೆ ನೋಡಿದರೆ, ಅತ್ತೆ ಕಾಲು ಚಾಚಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು.

"ಬಾಪ್ಪ, ಬಾ. ಮನೆ ಕೊಂಡ್ಕೊಂಡೆ," ಎಂದಳು.

"ಅತ್ತೆ, ನೀನು ಸುಮ್ನೆ ಬೈಯ್ಯೋಕೆ ಬಂದಿದ್ದು ಕಣೆ," ಎಂದ ಲಿಂಗರಾಜು. ಅಂದ ಮೇಲೆ ಸುತ್ತ ಇದ್ದವರು ನೆನಪಾಗಿ, ಕಿಸೆಯಲ್ಲಿದ್ದ ಕಪ್ಪು ಕನ್ನಡಕ ತೆಗೆದು ಮನೆಯೊಳಗೇ ಹಾಕಿಕೊಂಡ.

ಅಪ್ಪ ಬೈಯಲು ಬಾಯಿ ತೆರೆದರು. ಅದಕ್ಕೂ ಮೊದಲು ಸುಷ್ಮಿತಾ ಕೇಳಿದಳು. ಧ್ವನಿ ಸಣ್ಣಗೆ ಇತ್ತು, ಆದರೆ ನಡುಗಲಿಲ್ಲ.

"ಲಿಂಗರಾಜಣ್ಣ, ನೀವು ಯಾರ ಕಡೆ?"

"ಇದೇನಮ್ಮ ಹಿಂಗ್ ಕೇಳ್ತೀಯ. ನಾನು ಎಲ್ಲರ ಕಡೆ. ಮಾರೋರ ಕಡೆನೂವೆ, ತಗೊಳೋರ ಕಡೆನೂವೆ."

"ಎಲ್ಲರ ಕಡೆ ಇರಾಕೆ ಬೆಟ್ಟದ ಮ್ಯಾಲೆ ತಾಯಿ ಅವ್ಳೆ ಕಣೋ," ಎಂದಳು ಪುಟ್ಟಲಿಂಗಮ್ಮ, ಕಾಳು ಬಿಡಿಸುವುದು ನಿಲ್ಲಿಸದೆ. "ನೀನು ಒಂದ್ ಕಡೆ ಯಾವ್ದು ಹೇಳು."

ಅವನು ಕನ್ನಡಕ ಸರಿಮಾಡಿಕೊಂಡ. ಸುಷ್ಮಿತಾ ಅಪ್ಪನ ಫೋನು ತೆಗೆದುಕೊಂಡು ದಟ್ಟಗಳ್ಳಿಯ ಶಾರದಮ್ಮನಿಗೆ ಕರೆ ಮಾಡಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟಳು. ಲಿಂಗರಾಜು, ಮಾರೋರು ತಗೊಳೋರು ಮಾತಾಡಬಾರದು ಕಣಮ್ಮ ಎಂದು ಕೈ ಮುಂದೆ ಮಾಡಿದ. ಅತ್ತೆ ಅವನ ಕೈಗೆ ಅಲಸಂದೆ ಮೊರ ಕೊಟ್ಟಳು.

ಇನ್ನೊಂದು ಪಾರ್ಟಿ ಎಂದರೆ ಶಾರದಮ್ಮನಿಗೆ ಏನೆಂದೇ ಗೊತ್ತಿರಲಿಲ್ಲ. ನೀವು ಬಂದು ಹೋದ ಮೇಲೆ ಒಂದು ಕಾಗೆಯೂ ಬಂದಿಲ್ಲ ಎಂದರು. ನಿಮಗೆ ಮನೆ ಅಷ್ಟಾಗಿ ಹಿಡಿಸಿಲ್ಲವಂತೆ, ಫೋನ್ ಮಾಡಿದರೆ ಬೆಲೆ ಬಿದ್ದು ಹೋಗುತ್ತೆ ಎಂದು ಲಿಂಗರಾಜು ಹೇಳಿದ್ದಕ್ಕೆ ತಾವೂ ಬಾಯಿ ಮುಚ್ಚಿಕೊಂಡು ಕೂತಿದ್ದರಂತೆ. ಆ ಹುಡುಗಿ ಮುಂಗೋಣೆಯಲ್ಲಿ ನಿಂತಿದ್ದು ನೋಡಿದ ದಿನವೇ ನನಗೆ ಇವಳಿಗೇ ಕೊಡಬೇಕು ಅನ್ನಿಸಿತ್ತು ಎಂದರು. ಹೇಳಿ, ಶೆಲ್ಫ್ ಅಳತೆ ತಗೊಳೋಕೆ ಯಾವಾಗ ಬರ್ತಾಳೆ?

ಸುಷ್ಮಿತಾಳಿಗೆ ಕಾಲು ನೆಲದ ಮೇಲಿದ್ದ ಹಾಗೇ ಅನ್ನಿಸಲಿಲ್ಲ. ಅಮ್ಮ ಫೋನಿಗೇ ಕೈ ಮುಗಿದಳು. ಅಪ್ಪ ಅಲ್ಲಿಯ ಹಿಂದಿನ ರೂಮಿಗೆ ಫ್ಯಾನ್ ಇದೆಯೇ ಎಂದು ಕೇಳಿ, ಇದೆ ಎಂದು ತಿಳಿದು, ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

ಲಿಂಗರಾಜು ಮೊರ ಹಿಡಿದು ನಿಂತೇ ಇದ್ದ. ಕನ್ನಡಕ ತೆಗೆದಾಗ ಮುಖ ಸಣ್ಣ ಹುಡುಗನದಂತೆ ಕಂಡಿತು. ಖಾತೆ, ಋಣಭಾರ ಪತ್ರ, ರಿಜಿಸ್ಟ್ರಾರ್ ಆಫೀಸಿನ ಓಡಾಟ ನಿನಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ, ಆ ಕೆಲಸ ಮಾಡು ಎಂದರು ಅಪ್ಪ. ಆದರೆ ಮನೆಮಗ ಅಂತ ಬೇಡ, ಏಜೆಂಟ್ ಅಂತ. ದಟ್ಟಗಳ್ಳಿಗೆ ನೀನು ನಮ್ಮ ಕಡೆ. ನಿನ್ನ ಕಮಿಷನ್ ಎಷ್ಟು, ಅದಕ್ಕೆ ಏನೇನು ಮಾಡಿಕೊಡ್ತೀಯ, ಮೊದಲೇ ಕಾಗದದಲ್ಲಿ ಬರಿ. ಅಸಲಿ ಪತ್ರ ನಮ್ಮ ಬೀರುವಿನಲ್ಲೇ ಇರುತ್ತೆ, ಜೆರಾಕ್ಸ್ ತಗೊಂಡು ಹೋಗು. ಈ ಮನೆಯದಕ್ಕೆ ನಿನ್ನ ಅತ್ತೆ ಏನು ಕೊಡುತ್ತಾಳೋ ಅವಳನ್ನೇ ಕೇಳಿಕೊ.

"ಮಸಾಲೆದೋಸೆ ಕೊಡಿಸ್ತೀನಿ," ಎಂದಳು ಅತ್ತೆ.

ಅನನ್ಯ ಮೇಡಮ್ಮಿಗೆ ಏನು ಹೇಳಲಿ ಎಂದು ಅವನು ಗೋಗರೆದ. ನಿಜ ಹೇಳು ಎಂದರು ಅಪ್ಪ. ಅವನು ಬೀದಿಗೆ ಹೋಗಿ ಫೋನ್ ಮಾಡಿ, ತುಸು ಹೊತ್ತಿಗೆ ಆಶ್ಚರ್ಯಪಟ್ಟುಕೊಂಡು ಬಂದ. ಅವಳಿಗೆ ಬೇಜಾರಿಲ್ಲವಂತೆ, ಬೇರೆ ಮನೆ ತೋರಿಸು ಅಂದಳಂತೆ. ಆಂಟಿಗೆ ಹೇಳಿ, ಕಾಯಿ ತುಂಬ ಚೆನ್ನಾಗಿತ್ತು, ಚಟ್ನಿ ಮಾಡಿದ್ವಿ ಅಂದಳಂತೆ. ಪುಟ್ಟಲಿಂಗಮ್ಮ ಮಿಷಿನ್ನಿನ ಮೇಲಿದ್ದ ತನ್ನ ಕಾಯಿಯ ಕಡೆ ನೋಡಿ ಕೆನ್ನೆಗೆ ಹಾಕಿಕೊಂಡಳು.

ಆಮೇಲೆ ಅವಳು ಚೀಲಕ್ಕೆ ಕೈ ಹಾಕಿ, ನಿನ್ನೆ ತಾಂಬೂಲದ ಜೊತೆ ಕೊಟ್ಟಿದ್ದ ಬ್ಲೌಸ್ ಪೀಸು ತೆಗೆದಳು. ಗಿಳಿಹಸಿರು. ಗೃಹಪ್ರವೇಶಕ್ಕೆ ಇದನ್ನೇ ಹಾಕಿಕೊಳ್ಳುತ್ತೇನೆ, ಈಗಲೇ ಅಳತೆ ತಗೋ ಮಗಾ ಎಂದಳು.

ಸುಷ್ಮಿತಾ ಕಾಯಿಯ ಜುಟ್ಟಿನಿಂದ ಟೇಪು ಬಿಡಿಸಿಕೊಂಡಳು. ಅಪ್ಪ ಯಾರೂ ಹೇಳುವುದಕ್ಕೆ ಮುಂಚೆಯೇ ಪೇಪರ್ ಮಡಚಿ ಎದ್ದರು. ಲಿಂಗರಾಜು ಏನೂ ತಿಳಿಯದೆ ಮೊರದ ಸಮೇತ ನಿಂತಿದ್ದ.

"ನಡಿಯಪ್ಪ, ಟೀ ಕುಡಿಯಾಣ," ಎಂದರು ಅಪ್ಪ, ಅವನ ಹೆಗಲ ಮೇಲೆ ಕೈ ಹಾಕಿ. "ಈ ಬೀದೀಲಿ ನಾನಿನ್ನು ಎಷ್ಟು ದಿನ ನಿಂತೇನು. ಎಲ್ಲಿ ನಿಂತ್ರೆ ಬಿಸಿಲು ಬೀಳಲ್ಲ ಅಂತ ತೋರಿಸಿಕೊಡ್ತೀನಿ. ಮುಂದೆ ಈ ಮನೆಗೆ ಬರೋ ನಿನ್ ಮಾವನಿಗೆ ಬೇಕಾಗ್ಬೋದು."

ಬಾಗಿಲು ಮುಚ್ಚಿತು. ಪುಟ್ಟಲಿಂಗಮ್ಮ ಎರಡೂ ತೋಳು ಎತ್ತಿ, ತನ್ನ ಮನೆಯ ಗೋಡೆ ನೋಡುತ್ತಾ ನಿಂತಳು.

"ಎಷ್ಟ್ ಚೆಂದಾಗ್ ಒಣಗ್ಯದೆ ನೋಡು," ಎಂದಳು.